ಮೂರು ಫ್ಲೋರಿನ್ ಸಾಕು

ಒಂದಕ್ಕೊಂದು ಬೆರೆಯದ ಎರಡು ದ್ರವಗಳು ತಾಗುವ ಜಾಗಕ್ಕೆ ವೋಲ್ಟೇಜ್ ಕೊಟ್ಟರೆ ಅಯಾನುಗಳು ಈ ದಡದಿಂದ ಆ ದಡಕ್ಕೆ ದಾಟುತ್ತವೆ. ನೀರು ಮತ್ತು ಫೀನಾಲ್ ನಡುವೆ ರಸಾಯನಶಾಸ್ತ್ರಜ್ಞರಾದ ನರ್ನ್‌ಸ್ಟ್ ಹಾಗೂ ರೀಸೆನ್‌ಫೆಲ್ಡ್ 1902ರಲ್ಲೇ ಇಂಥ ದಾಟುವಿಕೆಯನ್ನು ಪರೀಕ್ಷಿಸಿದ್ದರು. ಆಮೇಲೆ ಬಹುಕಾಲ ನೀರಿಗೆ ಜೋಡಿಯಾಗಿದ್ದದ್ದು ನೈಟ್ರೊಬೆಂಜೀನ್, ಇಲ್ಲವೇ 1,2-ಡೈಕ್ಲೋರೊಈಥೇನ್. ಎರಡನೆಯದು 83.5 ಡಿಗ್ರಿಗೇ ಕುದಿಯುತ್ತದೆ, ಕ್ಯಾನ್ಸರ್‌ಕಾರಕ ಎಂಬ ಶಂಕೆಯೂ ಇದೆ. ಹಾಗಾಗಿ ಹಲವರು ಟ್ರೈಫ್ಲೋರೊಟಾಲ್ವೀನ್‌ಗೆ ಬದಲಾಯಿಸಿದರು. ಟಾಲ್ವೀನ್‌ನ ಮೀಥೈಲ್ ಗುಂಪಿನ ಮೂರು ಹೈಡ್ರೋಜನ್ ಹೋಗಿ ಮೂರು ಫ್ಲೋರಿನ್ ಬಂದ ದ್ರವ ಇದು. ಕುದಿಬಿಂದು 102 ಡಿಗ್ರಿ, ಸಾಂದ್ರತೆ ಸುಮಾರು 1.19. ನೀರಿನ ಅಡಿಯಲ್ಲಿ ಕೂರುತ್ತದೆ.

ಹೆಕ್ಸೇನ್‌ನಂಥ ದ್ರವದ ಎಲ್ಲ ಹೈಡ್ರೋಜನ್ ತೆಗೆದು ಫ್ಲೋರಿನ್ ತುಂಬಿದರೆ? ಪರ್‌ಫ್ಲೋರೊಹೆಕ್ಸೇನ್ ಸಿಗುತ್ತದೆ, ಈ ಕೆಲಸಕ್ಕೆ ಬಹುಮಟ್ಟಿಗೆ ನಿರುಪಯೋಗಿ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಧನ, ಋಣ ಅಯಾನುಗಳ ಸೆಳೆತವನ್ನು ದ್ರವ ಎಷ್ಟು ಕುಗ್ಗಿಸುತ್ತದೆ ಎಂಬ ಅಳತೆ, 2ನ್ನೂ ಮುಟ್ಟುವುದಿಲ್ಲ. ಸಾಮಾನ್ಯ ಲವಣಗಳು ಕರಗವು. ಫ್ಲೋರಿನ್ ಬಾಲ ಕಟ್ಟಿದ ಲವಣಗಳು ಕರಗಿದರೂ ಧನ, ಋಣ ಅಯಾನುಗಳು ಜೋಡಿ ಬಿಡುವುದಿಲ್ಲ. ಟ್ರೈಫ್ಲೋರೊಟಾಲ್ವೀನ್‌ನಲ್ಲಿ ಮೂರೂ ಫ್ಲೋರಿನ್ ಒಂದೇ ಮಗ್ಗುಲಿಗೆ ಎಳೆಯುವುದರಿಂದ ಸ್ಥಿರಾಂಕ ಸುಮಾರು 9ಕ್ಕೇರುತ್ತದೆ.

ಈ ದಾಟುವಿಕೆಯನ್ನು ಅಳೆಯುವ ಗಾಜಿನ ಕೋಶಕ್ಕೆ ನಾಲ್ಕು ವಿದ್ಯುದ್ವಾರ ಬೇಕು. ವಿದ್ಯುತ್ ಹರಿಸಲು ಎರಡು ಪ್ಲಾಟಿನಂ ತಂತಿ, ವೋಲ್ಟೇಜ್ ಅಳೆಯಲು ಎರಡು ಬೆಳ್ಳಿ-ಸಿಲ್ವರ್ ಕ್ಲೋರೈಡ್ ತಂತಿ. ಅಳೆಯುವ ತಂತಿಗಳ ಗಾಜಿನ ಮೂತಿ ಗಡಿಗೆ ಹತ್ತಿರವಿರಲಿ. ಮೇಲೆ 10 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್. ಕೆಳಗೆ, ಧನ, ಋಣ ಎರಡೂ ಅಯಾನು ದಪ್ಪಗಿದ್ದು ನೀರನ್ನು ಒಲ್ಲದ ಲವಣ: ಋಣದ ಕಡೆಗೆ ಟೆಟ್ರಾಕಿಸ್(ಪೆಂಟಾಫ್ಲೋರೊಫಿನೈಲ್)ಬೋರೇಟ್ ಒಳ್ಳೆಯ ಆಯ್ಕೆ. ಎರಡೂ ದ್ರವಗಳನ್ನು ಮೊದಲೇ ಒಟ್ಟಿಗೆ ಕುಲುಕಿ ಒಂದರಲ್ಲೊಂದು ಕರಗುವಷ್ಟು ಕರಗಲು ಬಿಡಬೇಕು. ಇಲ್ಲದಿದ್ದರೆ ಅಳತೆಯ ನಡುವೆಯೇ ಗಡಿ ಜರುಗುತ್ತದೆ.

ವೋಲ್ಟೇಜನ್ನು ಏರಿಸಿ ಇಳಿಸುತ್ತ ಹರಿದ ವಿದ್ಯುತ್ತಿನ ಗೆರೆ ಎಳೆದರೆ, ಅಯಾನು ದಾಟುವಲ್ಲಿ ಶಿಖರ ಮೂಡುತ್ತದೆ. ಏಕವೇಲೆನ್ಸಿ (ಒಂದೇ ಆವೇಶದ) ಅಯಾನು ಸಲೀಸಾಗಿ ದಾಟಿದರೆ, 25 ಡಿಗ್ರಿಯಲ್ಲಿ ಹೋಗುವ ಮತ್ತು ಮರಳುವ ಶಿಖರಗಳ ಅಂತರ ಸುಮಾರು 59 ಮಿಲಿವೋಲ್ಟ್. ನೂರು ದಾಟಿದರೆ ಅಯಾನು ನಿಧಾನ ಎಂದು ತೀರ್ಮಾನಿಸುವ ಮುನ್ನ ಕೆಳಗಿನ ದ್ರಾವಣದ ರೋಧವನ್ನು ಶಂಕಿಸಿ. ಸ್ಥಿರಾಂಕ 9 ಎಂದರೆ ಅಯಾನುಗಳು ಒಂದಷ್ಟು ಜೋಡಿಯಾಗಿಯೇ ಉಳಿದಿರುತ್ತವೆ. ವೋಲ್ಟೇಜ್ ನಿಯಂತ್ರಿಸುವ ಉಪಕರಣವಾದ ಪೊಟೆನ್ಷಿಯೋಸ್ಟಾಟ್‌ನಲ್ಲಿ ರೋಧದ ಪರಿಹಾರವನ್ನು ಮೆಲ್ಲಗೆ ಏರಿಸಿ. ಅತಿಯಾದರೆ ಉಪಕರಣದ ವೋಲ್ಟೇಜೇ ತೂಗಾಡತೊಡಗುತ್ತದೆ. ಶಿಖರದ ಬದಲು ಚುಚ್ಚುಚುಚ್ಚಾದ ಗೆರೆ ಬಂದರೆ ಗಾಜಿಗೆ ಅಂಟಿದ ಸೋಪು ಕಾರಣವಿರಬಹುದು. ಸೋಪಿನ ಅಣುವಿಗೆ ಗಡಿಗಿಂತ ಪ್ರಿಯವಾದ ಜಾಗವಿಲ್ಲ.

ವೋಲ್ಟೇಜ್ ಅಳತೆಪಟ್ಟಿಯ ಸೊನ್ನೆಯನ್ನು ಗುರುತಿಸಲು ಕೊನೆಯಲ್ಲಿ ಟೆಟ್ರಾಮೀಥೈಲ್ ಅಮೋನಿಯಂ ಅಯಾನನ್ನು ಸೇರಿಸುವುದು ವಾಡಿಕೆ. ಡೈಕ್ಲೋರೊಈಥೇನ್‌ನಲ್ಲಿ ಅದರ ಸ್ಥಾನ 160 ಮಿಲಿವೋಲ್ಟ್. ಅದೇ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸಿದರೆ ಇಡೀ ಅಳತೆಪಟ್ಟಿ ತಪ್ಪುತ್ತದೆ. ಪ್ರತಿ ದ್ರಾವಕಕ್ಕೂ ಅದರದೇ ಅಂಕಿ.

ಬಳಸಿದ ದ್ರಾವಕವನ್ನು ಸಿಂಕಿಗೆ ಸುರಿಯಬೇಡಿ, ಮುಚ್ಚಳವಿರುವ ಹ್ಯಾಲೋಜನ್ ತ್ಯಾಜ್ಯದ ಡಬ್ಬಿಗೆ ಹಾಕಿ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) 2021ರ ವ್ಯಾಖ್ಯೆಯ ಪ್ರಕಾರ ಆ ಮೂರು ಫ್ಲೋರಿನ್‌ಗಳ ಗುಂಪೊಂದೇ ಸಾಕು, ಇದನ್ನು ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳ ಪಟ್ಟಿಗೆ ಸೇರಿಸಲು.