ಸ್ಲ್ಯಾಪ್‌ಡಿ.ಕಾನ್ಫ್ ತಿದ್ದಿದರೂ ಸರ್ವರ್ ಏಕೆ ಕಿವಿಗೊಡುವುದಿಲ್ಲ?

ಪ್ರಶ್ನೆ: ಡೆಬಿಯನ್ ಗಣಕವೊಂದರಲ್ಲಿ ಓಪನ್‌ಎಲ್‌ಡ್ಯಾಪ್ (ಬಳಕೆದಾರರಂಥ ದಾಖಲೆಗಳನ್ನು ಮರದ ರೂಪದಲ್ಲಿ ಇಟ್ಟುಕೊಳ್ಳುವ ಡೈರೆಕ್ಟರಿ ಸರ್ವರ್) ಹಾಕಿಕೊಂಡಿದ್ದೇನೆ. ಹಳೆಯ ಕೈಪಿಡಿಯೊಂದನ್ನು ನೋಡಿ ಸ್ಲ್ಯಾಪ್‌ಡಿ.ಕಾನ್ಫ್ ಫೈಲನ್ನು ಬರೆದೆ. ಸರ್ವರನ್ನು ಎರಡು ಮೂರು ಸಲ ನಿಲ್ಲಿಸಿ ಮತ್ತೆ ಆರಂಭಿಸಿದರೂ ಬರೆದದ್ದು ಯಾವುದೂ ಜಾರಿಗೆ ಬರುತ್ತಿಲ್ಲ. ದೋಷದ ಸಂದೇಶವೂ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಫೈಲಿನಲ್ಲಿ ತಪ್ಪಿರಲಾರದು, ಸರ್ವರ್ ಅದನ್ನು ತೆರೆದೇ ನೋಡಿಲ್ಲ. ಸ್ಲ್ಯಾಪ್‌ಡಿ, ಅಂದರೆ ಹಿನ್ನೆಲೆಯಲ್ಲಿ ಓಡುವ ಎಲ್‌ಡ್ಯಾಪ್ ಡೀಮನ್, ತನ್ನ ಸಂರಚನೆಯನ್ನು ಎರಡು ಕಡೆಯಿಂದ ಓದಬಲ್ಲದು. ಒಂದು, ನೀವು ತಿದ್ದಿದ ಹಳೆಯ ಪಠ್ಯ ಫೈಲು. ಇನ್ನೊಂದು, 2005ರಲ್ಲಿ ಬಂದ 2.3ನೇ ಆವೃತ್ತಿಯಿಂದ ಬಳಕೆಗೆ ಬಂದಿರುವ ಸ್ಲ್ಯಾಪ್‌ಡಿ.ಡಿ ಎಂಬ ಫೋಲ್ಡರು. ಆರಂಭಿಸುವಾಗ ಯಾವುದನ್ನು ಓದಬೇಕೆಂದು ಹೇಳದಿದ್ದರೆ ಡೀಮನ್ ಮೊದಲು ಫೋಲ್ಡರನ್ನೇ ಹುಡುಕುತ್ತದೆ, ಅದು ಸರಿಯಾಗಿದ್ದರೆ ಫೈಲಿನ ಗೊಡವೆಗೇ ಹೋಗುವುದಿಲ್ಲ. ಡೆಬಿಯನ್‌ನಲ್ಲಂತೂ ಪ್ಯಾಕೇಜ್ ಹಾಕುವಾಗಲೇ ಇಟಿಸಿ ಅಡಿಯ ಎಲ್‌ಡ್ಯಾಪ್ ಫೋಲ್ಡರಿನೊಳಗೆ ಸ್ಲ್ಯಾಪ್‌ಡಿ.ಡಿ ಸಿದ್ಧವಾಗಿರುತ್ತದೆ. ಓದದ ಫೈಲಿನ ಬಗ್ಗೆ ದೋಷದ ಸಂದೇಶ ಬರುವುದಾದರೂ ಹೇಗೆ?

ಊಹೆಗೆ ಬಿಡದೆ ಇದನ್ನು ಖಚಿತಪಡಿಸಿಕೊಳ್ಳಬಹುದು. ಪಿಎಸ್ ಆಜ್ಞೆಯಿಂದ ಓಡುತ್ತಿರುವ ಸ್ಲ್ಯಾಪ್‌ಡಿಯ ಪೂರ್ಣ ಸಾಲನ್ನು ನೋಡಿ. ಕನ್ನಡ ಲಿಪಿಯಲ್ಲಿ ಸಣ್ಣಕ್ಷರ, ದೊಡ್ಡಕ್ಷರಗಳ ಭೇದವಿಲ್ಲದ ಕಾರಣ ಇಲ್ಲಿ ‘ಸಣ್ಣ ಎಫ್’, ‘ದೊಡ್ಡ ಎಫ್’ ಎಂದೇ ಬರೆಯಬೇಕಾಗಿದೆ. ಈ ಡೀಮನ್‌ನ ಮಟ್ಟಿಗೆ ಆ ಭೇದವೇ ಮುಖ್ಯ. ಸಣ್ಣ ಎಫ್ ಆಯ್ಕೆಯ ಮುಂದೆ ಇರುವುದು ಫೈಲು, ದೊಡ್ಡ ಎಫ್ ಮುಂದೆ ಇರುವುದು ಫೋಲ್ಡರು. ನಿಮ್ಮ ಸಾಲಿನಲ್ಲಿ ದೊಡ್ಡ ಎಫ್ ಕಾಣುತ್ತದೆಂದೇ ನನ್ನ ನಂಬಿಕೆ. ಅದೇ ಸಾಲಿನಲ್ಲಿ ಯಾವ ಬಳಕೆದಾರ, ಯಾವ ಗುಂಪಿನ ಹೆಸರಿನಲ್ಲಿ ಓಡಬೇಕೆಂದು ಹೇಳುವ ಸಣ್ಣ ಯು ಮತ್ತು ಸಣ್ಣ ಜಿ ಆಯ್ಕೆಗಳೂ ಇರುತ್ತವೆ. 1024ಕ್ಕಿಂತ ಕೆಳಗಿನ ಪೋರ್ಟನ್ನು ತೆರೆಯಲು ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು, ಎಲ್‌ಡ್ಯಾಪ್‌ನದು 389. ಆದ್ದರಿಂದ ಡೀಮನ್ ರೂಟ್ ಆಗಿ ಹುಟ್ಟಿ, ಪೋರ್ಟ್ ಹಿಡಿದ ಬಳಿಕ ಓಪನ್‌ಎಲ್‌ಡ್ಯಾಪ್ ಎಂಬ ಸಾಮಾನ್ಯ ಬಳಕೆದಾರನಾಗಿ ಇಳಿದುಕೊಳ್ಳುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಡೀಮನ್ ಏನು ಮಾಡುತ್ತಿದೆಯೆಂದು ಕಣ್ಣಾರೆ ನೋಡಬೇಕಿದ್ದರೆ ಅದನ್ನು ಕೈಯಿಂದಲೇ ಓಡಿಸುವುದು ಒಳ್ಳೆಯದು. ಮೊದಲು ಸಿಸ್ಟಮ್‌ಸಿಟಿಎಲ್ ಮೂಲಕ ಸೇವೆಯನ್ನು ನಿಲ್ಲಿಸಿ. ಇಲ್ಲವಾದರೆ ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ದೂರಿನೊಂದಿಗೆ ಎರಡನೆಯ ಪ್ರತಿ ಹಿಂದಿರುಗುತ್ತದೆ. ಬಳಿಕ ಪಿಎಸ್ ತೋರಿಸಿದ ಅದೇ ಸಾಲಿಗೆ ಸಣ್ಣ ಡಿ ಆಯ್ಕೆಯನ್ನೂ 256 ಎಂಬ ಅಂಕಿಯನ್ನೂ ಸೇರಿಸಿ ಓಡಿಸಿ. ಡಿ ಇದ್ದಾಗ ಸ್ಲ್ಯಾಪ್‌ಡಿ ಹಿನ್ನೆಲೆಗೆ ಸರಿಯದೆ ಟರ್ಮಿನಲ್‌ನಲ್ಲೇ ನಿಲ್ಲುತ್ತದೆ. 256 ಇದ್ದರೆ ಬಂದ ಸಂಪರ್ಕಗಳು, ಹುಡುಕಾಟಗಳು ಮತ್ತು ಅವುಗಳ ಫಲಿತಾಂಶ ಸಾಲುಸಾಲಾಗಿ ಮೂಡುತ್ತವೆ. ಸಂರಚನೆಯನ್ನು ಓದುವ ಬಗೆಯನ್ನು ನೋಡಲು 64, ಪ್ರವೇಶ ನಿಯಮಗಳ ವಿಚಾರಣೆಗೆ 128. ಇವುಗಳನ್ನು ಕೂಡಿಸಿಯೂ ಕೊಡಬಹುದು: 64 ಮತ್ತು 256 ಎರಡೂ ಬೇಕಿದ್ದರೆ 320. ಯಾವ ವಿಳಾಸಗಳಲ್ಲಿ ಕಿವಿಗೊಡಬೇಕೆಂದು ಹೇಳುವ ಸಣ್ಣ ಎಚ್ ಆಯ್ಕೆಯನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಸಾಮಾನ್ಯ ಎಲ್‌ಡ್ಯಾಪ್ ಪೋರ್ಟ್ ಒಂದೇ ತೆರೆದು, ಅದೇ ಗಣಕದೊಳಗಿನ ಸಾಕೆಟ್ ಆದ ಎಲ್‌ಡ್ಯಾಪ್‌ಐ ಮುಚ್ಚಿಯೇ ಇರುತ್ತದೆ, ಮುಂದೆ ಹೇಳುವ ಕೆಲಸಕ್ಕೆ ಆ ಸಾಕೆಟ್ಟೇ ಬಾಗಿಲು.

ನೋಡಿಯಾದ ಮೇಲೆ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಅದರಿಂದ ಹೋಗುವ ಇಂಟರಪ್ಟ್ ಸಂಕೇತ ಸಿಕ್ಕಾಗ ಡೀಮನ್ ದತ್ತಾಂಶವನ್ನು ಸರಿಯಾಗಿ ಮುಚ್ಚಿಟ್ಟು ಹೊರಡುತ್ತದೆ. ಮುಚ್ಚಿಡಲು ಅವಕಾಶ ಕೊಡದೆ ಥಟ್ಟನೆ ಕೊಲ್ಲುವ ಕಿಲ್ 9 ಬೇಡ.

ಈಗ ಫೋಲ್ಡರಿನ ವಿಚಾರ. ಒಳಗೆ ನೋಡಿದರೆ ಎಲ್‌ಡಿಫ್ ಫೈಲುಗಳು, ಅಂದರೆ ಡೈರೆಕ್ಟರಿಯ ದಾಖಲೆಗಳನ್ನು ಪಠ್ಯವಾಗಿ ಬರೆದಿಟ್ಟ ಫೈಲುಗಳು ಕಾಣುತ್ತವೆ, ಅವುಗಳನ್ನು ಎಡಿಟರ್‌ನಲ್ಲಿ ತೆರೆದು ತಿದ್ದೋಣವೆಂದು ಕೈ ತುರಿಸುವುದು ಸಹಜ. ಆದರೆ ತಾನಾಗಿ ರಚಿತವಾದ ಈ ಫೈಲನ್ನು ತಿದ್ದಬೇಡಿ, ಎಲ್‌ಡ್ಯಾಪ್‌ಮಾಡಿಫೈ ಆಜ್ಞೆ ಬಳಸಿ ಎಂಬ ಎಚ್ಚರಿಕೆ ಅವುಗಳ ಮೊದಲ ಸಾಲಿನಲ್ಲೇ ಇದೆ, ಕೆಳಗೆ ತಾಳೆ ನೋಡುವ ಸಂಖ್ಯೆಯೊಂದೂ ಇದೆ. ಕೈಯಿಂದ ತಿದ್ದಿದರೆ ಆ ಸಂಖ್ಯೆ ತಾಳೆಯಾಗದೆ ಡೀಮನ್ ಗೊಣಗುತ್ತದೆ, ಅಕ್ಷರವೊಂದು ತಪ್ಪಿದರೆ ಏಳುವುದೇ ಇಲ್ಲ. ಹೊಸ ಪದ್ಧತಿಯಲ್ಲಿ ಸಂರಚನೆಯೂ ಡೈರೆಕ್ಟರಿಯ ಒಂದು ಕೊಂಬೆಯೇ ಆಗಿದ್ದು, ಅದರ ಬುಡದ ಹೆಸರು ಸಿಎನ್=ಕಾನ್ಫಿಗ್. ಬಳಕೆದಾರರ ದಾಖಲೆಯನ್ನು ಬದಲಿಸುವಂತೆಯೇ ಅದನ್ನೂ ಓಡುತ್ತಿರುವ ಸರ್ವರಿಗೆ ಹೇಳಿಯೇ ಬದಲಿಸಬೇಕು.

ಉದಾಹರಣೆಗೆ ಲಾಗ್ ಮಟ್ಟವನ್ನು ತೆಗೆದುಕೊಳ್ಳೋಣ. ನಾಲ್ಕು ಸಾಲಿನ ಎಲ್‌ಡಿಫ್ ಫೈಲೊಂದು ಸಾಕು: ಮೊದಲ ಸಾಲಿನಲ್ಲಿ ಡಿಎನ್ (ಬದಲಿಸಬೇಕಾದ ದಾಖಲೆಯ ಪೂರ್ಣ ಹೆಸರು) ಎಂದು ಸಿಎನ್=ಕಾನ್ಫಿಗ್, ಎರಡನೆಯದರಲ್ಲಿ ಬದಲಾವಣೆಯ ಬಗೆ ಮಾಡಿಫೈ, ಮೂರನೆಯದರಲ್ಲಿ ರಿಪ್ಲೇಸ್ ಎಂದು ಓಎಲ್‌ಸಿಲಾಗ್‌ಲೆವೆಲ್, ನಾಲ್ಕನೆಯದರಲ್ಲಿ ಅದೇ ಹೆಸರಿನ ಮುಂದೆ ಸ್ಟ್ಯಾಟ್ಸ್. ರೂಟ್ ಆಗಿ ಎಲ್‌ಡ್ಯಾಪ್‌ಮಾಡಿಫೈಗೆ ದೊಡ್ಡ ವೈ ಆಯ್ಕೆಯಲ್ಲಿ ಎಕ್ಸ್‌ಟರ್ನಲ್ ಎಂದೂ ದೊಡ್ಡ ಎಚ್ ಆಯ್ಕೆಯಲ್ಲಿ ಎಲ್‌ಡ್ಯಾಪ್‌ಐ ವಿಳಾಸವನ್ನೂ ಕೊಟ್ಟು ಈ ಫೈಲನ್ನು ಒಪ್ಪಿಸಿದರೆ, ಸಾಕೆಟ್ಟಿನ ಆಚೆ ಇರುವುದು ರೂಟ್ ಎಂದು ಕರ್ನಲ್‌ನಿಂದಲೇ ತಿಳಿದುಕೊಳ್ಳುವ ಡೀಮನ್ ಗುಪ್ತಪದ ಕೇಳುವುದಿಲ್ಲ. ಡೆಬಿಯನ್ ಪ್ಯಾಕೇಜ್ ರೂಟ್‌ಗೆ ಈ ಅಧಿಕಾರವನ್ನು ಮೊದಲೇ ಬರೆದಿಟ್ಟಿರುತ್ತದೆ. ಬದಲಾವಣೆ ಆ ಕ್ಷಣವೇ ಜಾರಿಯಾಗುತ್ತದೆ, ಮರುಚಾಲನೆ ಬೇಕಿಲ್ಲ. ಹುಡುಕಾಟವನ್ನು ಚುರುಕಾಗಿಸುವ ಹೊಸ ಇಂಡೆಕ್ಸ್ ಸೇರಿಸಿದರೂ ಡೀಮನ್ ಕೆಲಸ ನಿಲ್ಲಿಸದೆ ಹಿನ್ನೆಲೆಯಲ್ಲಿ ಅದನ್ನು ಕಟ್ಟಿಕೊಳ್ಳುತ್ತದೆ; ಹಳೆಯ ಪದ್ಧತಿಯಲ್ಲಾದರೆ ಸರ್ವರ್ ನಿಲ್ಲಿಸಿ ಸ್ಲ್ಯಾಪ್‌ಇಂಡೆಕ್ಸ್ ಓಡಿಸಬೇಕಿತ್ತು. ಹಳೆಯ ಫೈಲಿನ ಸರಳತೆಯನ್ನು ಇಷ್ಟಪಡುವ ನನಗೂ ಈ ಒಂದು ಕಾರಣಕ್ಕೆ ಹೊಸ ಪದ್ಧತಿಯೇ ಮೇಲೆನಿಸುತ್ತದೆ.

ನೀವು ಈಗಾಗಲೇ ಬರೆದ ಫೈಲು ವ್ಯರ್ಥವಾಗಬೇಕಿಲ್ಲ. ಸ್ಲ್ಯಾಪ್‌ಟೆಸ್ಟ್ ಆಜ್ಞೆಗೆ ಸಣ್ಣ ಎಫ್ ಮುಂದೆ ಫೈಲನ್ನೂ ದೊಡ್ಡ ಎಫ್ ಮುಂದೆ ಖಾಲಿ ಫೋಲ್ಡರೊಂದನ್ನೂ ಕೊಟ್ಟರೆ ಅದು ಫೈಲನ್ನು ಓದಿ ಫೋಲ್ಡರಿನ ರೂಪಕ್ಕೆ ಪರಿವರ್ತಿಸುತ್ತದೆ. ಇಲ್ಲಿ ಎರಡು ಕಡೆ ಎಡವುವವರು ಬಹಳ. ಪರಿವರ್ತನೆಯನ್ನು ರೂಟ್ ಆಗಿ ಮಾಡಿದಾಗ ಫೈಲುಗಳ ಒಡೆತನ ರೂಟ್‌ನದಾಗುತ್ತದೆ. ಓಪನ್‌ಎಲ್‌ಡ್ಯಾಪ್ ಬಳಕೆದಾರನಾಗಿ ಇಳಿದ ಡೀಮನ್‌ಗೆ ಅವುಗಳನ್ನು ತೆರೆಯಲಾಗದು, ಆದ್ದರಿಂದ ಚೌನ್ ಆಜ್ಞೆಯಿಂದ ಇಡೀ ಫೋಲ್ಡರಿನ ಒಡೆತನವನ್ನು ಬದಲಿಸಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ನಿಮ್ಮ ಫೈಲಿನಲ್ಲಿ ಕಾನ್ಫಿಗ್ ಡೇಟಾಬೇಸಿನ ವಿಭಾಗವಿಲ್ಲದಿದ್ದರೆ, ಪರಿವರ್ತನೆಯಾದ ಮೇಲೆ ಸಿಎನ್=ಕಾನ್ಫಿಗ್ ಅನ್ನು ತಿದ್ದುವ ಅಧಿಕಾರ ಯಾರಿಗೂ ಇರುವುದಿಲ್ಲ, ರೂಟ್‌ಗೂ ಇಲ್ಲ. ಆ ವಿಭಾಗವನ್ನೂ ಅದಕ್ಕೊಂದು ಪ್ರವೇಶ ನಿಯಮ ಅಥವಾ ಗುಪ್ತಪದವನ್ನೂ ಮೊದಲೇ ಬರೆದುಕೊಳ್ಳಿ. ಗುಪ್ತಪದವನ್ನು ಸ್ಲ್ಯಾಪ್‌ಪಾಸ್‌ವರ್ಡ್ ಆಜ್ಞೆಯಿಂದ ಹ್ಯಾಶ್ ಮಾಡಿಯೇ ಹಾಕಿ. ಆಜ್ಞೆಯ ಹೆಸರಿನ ಕೊನೆಯಲ್ಲಿ ಪಾಸ್‌ವರ್ಡ್ ಎಂಬುದು ಪೂರ್ತಿ ಇರದೆ ಪಿಎಎಸ್ಎಸ್‌ಡಬ್ಲ್ಯುಡಿ ಎಂದಷ್ಟೇ ಇರುತ್ತದೆ.

ಇಷ್ಟಾಗಿಯೂ ಹಳೆಯ ಫೈಲೇ ಬೇಕೆಂದಿದ್ದರೆ ದಾರಿಯಿದೆ. ಇಟಿಸಿ ಅಡಿಯ ಡಿಫಾಲ್ಟ್ ಫೋಲ್ಡರಿನಲ್ಲಿರುವ ಸ್ಲ್ಯಾಪ್‌ಡಿ ಎಂಬ ಫೈಲಿನಲ್ಲಿ ಸ್ಲ್ಯಾಪ್‌ಡಿ_ಕಾನ್ಫ್ ಎಂಬ ಚರ ಖಾಲಿಯಿರುತ್ತದೆ. ಅದಕ್ಕೆ ನಿಮ್ಮ ಫೈಲಿನ ಪೂರ್ಣ ಹಾದಿಯನ್ನು ಕೊಟ್ಟು ಸೇವೆಯನ್ನು ಮರಳಿ ಆರಂಭಿಸಿದರೆ ಪಿಎಸ್ ತೋರಿಸುವ ಸಾಲಿನಲ್ಲಿ ದೊಡ್ಡ ಎಫ್ ಹೋಗಿ ಸಣ್ಣ ಎಫ್ ಬಂದಿರುತ್ತದೆ. ಆಮೇಲೆ ಪ್ರತಿ ಬದಲಾವಣೆಗೂ ಮರುಚಾಲನೆ ಬೇಕು.