ಸ್ಪ್ಲಿಂಟ್ ಒಳಗೇ ಬೆರಳು ಆಡಲಿ

‘ಬೆರಳಿನ ನರ ತುಂಡಾಗಿತ್ತು, ಹೊಲಿದಿದ್ದಾರೆ’ ಎನ್ನುತ್ತಾ ಚಿಕಿತ್ಸೆಗೆ ನಮ್ಮಲ್ಲಿ ಬರುವ ಹಲವರಲ್ಲಿ ತುಂಡಾಗಿರುವುದು ನರವಲ್ಲ, ಸ್ನಾಯುರಜ್ಜು. ಮುಂದೋಳಿನ ಸ್ನಾಯುವಿನ ಎಳೆತವನ್ನು ಬೆರಳಿನ ಮೂಳೆಗೆ ಮುಟ್ಟಿಸುವ ಹಗ್ಗವದು. ಬೆರಳು ಮಡಚುವ ರಜ್ಜುಗಳು ಇಕ್ಕಟ್ಟಾದ ಕೊಳವೆಯಂಥ ಪೊರೆಯೊಳಗೆ ಜಾರುತ್ತವೆ. ಗಾಯ ಮಾಯುವಾಗ ರಜ್ಜು ಆ ಪೊರೆಗೇ ಅಂಟಿಕೊಂಡರೆ ಬೆರಳು ಮಡಚುವುದಿಲ್ಲ. ಅಂಟದಿರಲೆಂದು ಬಲವಾಗಿ ಮಡಚಿದರೆ ಹೊಲಿಗೆ ಕಿತ್ತುಹೋಗುತ್ತದೆ.

ಹೊಲಿದ ಮೇಲೆ ಸ್ಪ್ಲಿಂಟ್ (ಕೈಗೆ ಆಸರೆಯಾಗಿ ಕಟ್ಟುವ ಗಟ್ಟಿ ಪಟ್ಟಿ) ಹಾಕುವುದು ಕೈಯನ್ನು ಅಲುಗಾಡದಂತೆ ಕಟ್ಟಿಹಾಕಲು ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಹಾಗಲ್ಲ. ಅದು ಕೈಯ ಹಿಂಬದಿಯಲ್ಲಿ ಕೂತು, ಬುಡದ ಗೆಣ್ಣುಗಳನ್ನು ಬಾಗಿಸಿಟ್ಟು, ಬೆರಳು ಹಿಂದಕ್ಕೆ ಚಾಚದಂತೆ ತಡೆಯುತ್ತದೆ ಅಷ್ಟೆ. ಅಂಗೈ ಕಡೆಗೆ ದಾರಿ ತೆರೆದೇ ಇರುತ್ತದೆ. ರಜ್ಜು 3ರಿಂದ 5 ಮಿಲಿಮೀಟರ್ ಜಾರಿದರೂ ಅಂಟುವುದನ್ನು ತಡೆಯಬಹುದೆಂದು ಸಂಶೋಧಕರಾದ ಡುರಾನ್ ಮತ್ತು ಹೌಸರ್ 1975ರಲ್ಲೇ ಹೇಳಿದ್ದರು. ಆದ್ದರಿಂದ ಸಾಮಾನ್ಯವಾಗಿ ಮೊದಲ ವಾರದಲ್ಲೇ ವ್ಯಾಯಾಮ ಶುರು: ಇನ್ನೊಂದು ಕೈಯಿಂದ ಬೆರಳನ್ನು ಮೆಲ್ಲಗೆ ಅಂಗೈಗೆ ಮಡಚಿ ಬಿಗಿತ ಸಡಿಲಿಸುವುದು, ನಂತರ ಸ್ಪ್ಲಿಂಟ್ ತಾಗುವವರೆಗೆ ಬಿಡಿಸುವುದು. ಹೊಲಿಗೆ ಗಟ್ಟಿಯಾಗಿದೆಯೆಂದು ಶಸ್ತ್ರಚಿಕಿತ್ಸಕರು ಹೇಳಿದ್ದರೆ, ಬೆರಳು ತನ್ನ ಬಲದಿಂದಲೇ ಅರ್ಧ ಮುಷ್ಟಿಯಷ್ಟು ಮಡಚಬಹುದು. ಬಿಡಿಸುವ ಭಾಗವನ್ನು ದಯವಿಟ್ಟು ಮರೆಯಬೇಡಿ. ನಡುಗೆಣ್ಣು ಒಮ್ಮೆ ಬಾಗಿಯೇ ಸೆಟೆದುಕೊಂಡರೆ ಅದನ್ನು ನೆಟ್ಟಗಾಗಿಸುವುದು ತಿಂಗಳುಗಳ ಶ್ರಮ.

ನನಗೆ ಅತಿ ಹೆಚ್ಚು ಆತಂಕ ತರುವುದು ಮೂರನೆಯ, ನಾಲ್ಕನೆಯ ವಾರ. ಊತ ಇಳಿದಿರುತ್ತದೆ, ನೋವಿರುವುದಿಲ್ಲ, ಹೊರಗಿನ ಗಾಯ ಒಣಗಿರುತ್ತದೆ. ಒಳಗಿನ ಬೆಸುಗೆ ಮಾತ್ರ ಇನ್ನೂ ಎಳಸು. ಸ್ನಾನಕ್ಕೆಂದು ಸ್ಪ್ಲಿಂಟ್ ಬಿಚ್ಚಿದ್ದ ಒಬ್ಬರು ಜಾರಿ ಬೀಳುತ್ತಿದ್ದ ಮಗ್ಗನ್ನು ಥಟ್ಟನೆ ಹಿಡಿದರು. ‘ಪಟ್’ ಎಂದಿತು, ಬೆರಳಿನ ತುದಿ ಮತ್ತೆ ಮಡಚಲಿಲ್ಲ. ಹಾಗಾದಲ್ಲಿ ನಾಳೆ ನೋಡೋಣವೆನ್ನದೆ ಅದೇ ದಿನ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ತಡವಾದಷ್ಟೂ ರಜ್ಜುವಿನ ತುದಿ ಹಿಂದಕ್ಕೆ ಸರಿದು ಮತ್ತೆ ಹೊಲಿಯುವುದು ಕಷ್ಟವಾಗುತ್ತದೆ. ಸ್ಪ್ಲಿಂಟ್ ಸಾಮಾನ್ಯವಾಗಿ ಆರು ವಾರ ಹಗಲೂ ರಾತ್ರಿ ಬೇಕು. ಭಾರ ಎತ್ತುವ ಕೆಲಸಕ್ಕೆ ಸುಮಾರು ಹನ್ನೆರಡು ವಾರ ಕಾಯಬೇಕು.

ಬೆರಳಿನ ತುದಿಯನ್ನು ನೆಟ್ಟಗೆ ಹಿಡಿಯುವ ರಜ್ಜು ಹರಿದಾಗ ಮಾತ್ರ ಲೆಕ್ಕ ಬೇರೆ. ಅಲ್ಲಿ ತುದಿಗೆಣ್ಣು ಆರರಿಂದ ಎಂಟು ವಾರ ಒಂದು ಕ್ಷಣವೂ ಬಾಗಬಾರದು. ಸ್ಪ್ಲಿಂಟ್ ಕೆಳಗಿನ ಚರ್ಮ ಒರೆಸುವಾಗಲೂ ತುದಿಯನ್ನು ಮೇಜಿನ ಮೇಲೆ ನೆಟ್ಟಗೆ ಊರಿರಬೇಕು. ಒಮ್ಮೆ ಬಾಗಿದರೂ ದಿನಗಳ ಎಣಿಕೆಯನ್ನು ಒಂದರಿಂದ ಮತ್ತೆ ಶುರುಮಾಡುತ್ತೇವೆ.