ಈ ಕೋಡ್ ಬಿಲ್ಡ್ ಆಗಿದ್ದು ಎಲ್ಲಿ?

ವಾಷಿಂಗ್ ಮಷಿನ್, ಕರೆಂಟ್ ಮೀಟರ್, ಕಾರಿನ ಬ್ರೇಕ್. ಇವುಗಳೊಳಗಿನ ಪುಟ್ಟ ಚಿಪ್ಪಿನ ಪ್ರೋಗ್ರಾಂ ಆ ಚಿಪ್ಪಿನಲ್ಲೇ ತಯಾರಾಗುವುದಿಲ್ಲ. ಅಲ್ಲಿರುವ ಕೆಲವು ಕಿಲೋಬೈಟ್ ಮೆಮೊರಿಯಲ್ಲಿ ಕಂಪೈಲರ್, ಅಂದರೆ ಬರೆದ ಕೋಡನ್ನು ಚಿಪ್ಪಿಗೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುವ ಪ್ರೋಗ್ರಾಂ, ಹಿಡಿಸುವುದೇ ಇಲ್ಲ. ಹಾಗಾಗಿ ದೊಡ್ಡ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸಿ) ಚಿಪ್ಪಿರುವ ಬೋರ್ಡಿಗೆ ಇಳಿಸುತ್ತಾರೆ. ಇದೇ ಕ್ರಾಸ್ ಕಂಪೈಲ್. ಎಷ್ಟೋ ಟೀಮುಗಳಲ್ಲಿ ಬಿಲ್ಡ್ ಸರ್ವರ್ ಲಿನಕ್ಸ್, ಕೈಯಲ್ಲಿರುವ ಲ್ಯಾಪ್‌ಟಾಪ್ ವಿಂಡೋಸ್. ಡೀಬಗ್ ಮಾಡಲು, ಅಂದರೆ ತಪ್ಪು ಹುಡುಕಲು, ಕೂತಾಗ ಈ ವ್ಯತ್ಯಾಸ ಕಾಟ ಕೊಡುತ್ತದೆ.

ಕಂಪೈಲರ್ ತಾನು ತಯಾರಿಸಿದ ಎಲ್ಫ್ ಎಂಬ ಪ್ರೋಗ್ರಾಂ ಫೈಲಿನೊಳಗೆ ಡ್ವಾರ್ಫ್ ಎಂಬ ಮಾದರಿಯಲ್ಲಿ ಡೀಬಗ್ ಮಾಹಿತಿ ಬರೆದಿಡುತ್ತದೆ. ಮೆಮೊರಿಯ ಈ ಜಾಗದಲ್ಲಿರುವ ಸೂಚನೆ ಯಾವ ಫೈಲಿನ ಎಷ್ಟನೇ ಸಾಲಿನಿಂದ ಬಂತು ಅನ್ನುವ ಪಟ್ಟಿ ಅದು. ಆ ಫೈಲ್ ಸರ್ವರಿನ ಯಾವ ಫೋಲ್ಡರಿನಲ್ಲಿತ್ತು ಎಂಬುದೂ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ ಜಿಡಿಬಿ ಎಂಬ ಡೀಬಗ್ ಸಾಧನ ತೆರೆದರೆ ಅದು ಲಿನಕ್ಸಿನ 'ಹೋಮ್' ಫೋಲ್ಡರನ್ನೇ ಹುಡುಕುತ್ತದೆ. ಇಲ್ಲಿರುವುದು ಸಿ ಡ್ರೈವ್. ಪ್ರೋಗ್ರಾಂ ನಾವು ನಿಲ್ಲಲು ಹೇಳಿದ ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲುತ್ತದೆ, ಆದರೆ ಸೋರ್ಸ್, ಅಂದರೆ ಬರೆದ ಕೋಡ್, ಕಾಣುವುದಿಲ್ಲ. ಬೋರ್ಡ್ ಕೆಟ್ಟಿಲ್ಲ, ಕೇಬಲ್ಲೂ ಸರಿಯಿದೆ. 'ಸೆಟ್ ಸಬ್‌ಸ್ಟಿಟ್ಯೂಟ್-ಪಾತ್' ಎಂಬ ಕಮಾಂಡಿನಲ್ಲಿ ಹಳೇ ಫೋಲ್ಡರಿನ ಬದಲು ಎಲ್ಲಿ ನೋಡಬೇಕೆಂದು ಹೇಳಿದರೆ ಸಾಕು.

ಸೋರ್ಸ್ ಕಂಡರೂ ನಂಬುವಂತಿಲ್ಲ. ಪ್ರೋಗ್ರಾಂ ನಿಂತ ಸಾಲನ್ನು ತೋರಿಸುವ ಬಾಣದ ಗುರುತು ಕಾಮೆಂಟಿನ (ಕೋಡಿನ ನಡುವಿನ ಟಿಪ್ಪಣಿಯ) ಮೇಲೋ ಖಾಲಿ ಸಾಲಿನ ಮೇಲೋ ನಿಂತಿದ್ದರೆ ಲ್ಯಾಪ್‌ಟಾಪಿನಲ್ಲಿರುವುದು ಬೇರೆ ಆವೃತ್ತಿಯ ಸೋರ್ಸ್ ಇರಬಹುದು. ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಹೇಳಿದರೆ ಪ್ರತಿ ಬಿಲ್ಡಿಗೂ ಒಂದು ಬಿಲ್ಡ್ ಐಡಿ ಹಾಕುತ್ತದೆ. ಬೋರ್ಡಿನಲ್ಲಿರುವುದೂ ಕೈಯಲ್ಲಿರುವ ಎಲ್ಫ್ ಫೈಲೂ ಒಂದೇ ಬಿಲ್ಡಿನವಾ ಎಂದು ಮೊದಲು ಅದನ್ನು ನೋಡಿಯೇ ಮುಂದುವರಿಯಬೇಕು. ಇಲ್ಲದಿದ್ದರೆ ಇಡೀ ಮಧ್ಯಾಹ್ನ ಸುಮ್ನೆ ಹಾಳು.

ಇದಕ್ಕಿಂತ ಕೆಟ್ಟದ್ದು, ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಪಾಸಾಗಿ ಬೋರ್ಡಿನಲ್ಲಿ ಮುಗಿಯದೆ ನೇತಾಡುವ ಕೋಡ್. ಒಂದೊಂದೇ ಅಕ್ಷರ ಓದುವ ಸಿ ಭಾಷೆಯ 'ಗೆಟ್‌ಚಾರ್' ಫೈಲ್ ಮುಗಿದಾಗ ಸಾಮಾನ್ಯವಾಗಿ -1 ಕೊಡುತ್ತದೆ. ಅದನ್ನು ದೊಡ್ಡ ಸಂಖ್ಯೆ ಹಿಡಿಯುವ 'ಇಂಟ್' ಬದಲು ಒಂದೇ ಬೈಟಿನ 'ಚಾರ್'ನಲ್ಲಿ ಇಟ್ಟುಕೊಂಡು, -1 ಬರುವವರೆಗೆ ಓದುತ್ತಿರು ಎಂದು ಲೂಪ್ ಬರೆದಿದ್ದಾರೆ ಅಂದುಕೊಳ್ಳಿ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಚಾರ್‌ಗೆ ಋಣ ಸಂಖ್ಯೆ ಗೊತ್ತು, ಲೂಪ್ ನಿಲ್ಲುತ್ತದೆ. ಆರ್ಮ್ ಚಿಪ್ಪಿನ ಬೋರ್ಡಿನಲ್ಲಿ ಚಾರ್ ಸಾಮಾನ್ಯವಾಗಿ 0ಯಿಂದ 255ರವರೆಗೆ ಮಾತ್ರ. -1 ಅಲ್ಲಿ 255 ಆಗುತ್ತದೆ. 255 ಎಂದೂ -1ಕ್ಕೆ ಸಮ ಅಲ್ಲ, ಲೂಪ್ ನಿಲ್ಲುವುದೇ ಇಲ್ಲ. ಎರಡೂ ಕಂಪೈಲರ್‌ಗಳು ಮಾಡಿದ್ದು ಸರಿಯೇ. ಚಾರ್ ಹೇಗಿರಬೇಕೆಂಬುದನ್ನು ಸಿ ಭಾಷೆಯ ನಿಯಮ ಆಯಾ ಕಂಪೈಲರಿಗೇ ಬಿಟ್ಟಿದೆ. ಹಳೆಯ ಆರ್ಮ್ ಚಿಪ್ಪುಗಳಲ್ಲಿ ಒಂದು ಬೈಟನ್ನು ಚಿಹ್ನೆ ಸಮೇತ ಓದುವ ಸೂಚನೆಯೇ ಇರಲಿಲ್ಲ. ಚಿಹ್ನೆ ಇಲ್ಲದ ಚಾರ್ ಅಲ್ಲಿ ಸಲೀಸಾಗಿತ್ತು. ಅಂದಹಾಗೆ, ಲ್ಯಾಪ್‌ಟಾಪಿನಲ್ಲೂ ಆ ಕೋಡ್ ಸರಿಯಿಲ್ಲ. ಫೈಲಿನ ಮಧ್ಯೆ 255 ಎಂಬ ಬೈಟ್ ಬಂದರೆ ಫೈಲ್ ಮುಗಿಯಿತು ಅಂದುಕೊಳ್ಳುತ್ತದೆ.

ಸಿ ಭಾಷೆಯ ಇನ್ನೊಂದು ಸಂಖ್ಯೆಯ ಬಗೆಯಾದ 'ಲಾಂಗ್' ಕೂಡ ಹೀಗೇ. 64 ಬಿಟ್ ಲಿನಕ್ಸಿನಲ್ಲಿ 8 ಬೈಟ್, 64 ಬಿಟ್ ವಿಂಡೋಸಿನಲ್ಲಿ 4.

ಎಲ್ಲರೂ ಒಂದೇ ಕಂಟೇನರಿನೊಳಗೆ (ಎಲ್ಲಿ ಓಡಿಸಿದರೂ ಒಳಗೆ ಒಂದೇ ತರಹದ ವ್ಯವಸ್ಥೆ ಕೊಡುವ ಪೊಟ್ಟಣ) ಬಿಲ್ಡ್, ಡೀಬಗ್ ಎರಡೂ ಮಾಡಿದರೆ ಫೋಲ್ಡರಿನ ಕಾಟ ಹೆಚ್ಚುಕಡಿಮೆ ಹೋಗುತ್ತದೆ. ಚಾರ್‌ನ ಕಾಟ ಹಾಗೆ ಹೋಗುವುದಿಲ್ಲ, ಅದು ಚಿಪ್ಪಿನ ಜೊತೆಗೇ ಬಂದದ್ದು. ಅದಕ್ಕೆ ನನಗೆ ಹಿಡಿಸಿದ ಉಪಾಯ, ಲ್ಯಾಪ್‌ಟಾಪಿನ ಟೆಸ್ಟುಗಳನ್ನೂ ಜಿಸಿಸಿ ಎಂಬ ಕಂಪೈಲರಿನ 'ಅನ್‌ಸೈನ್ಡ್ ಚಾರ್' (ಚಿಹ್ನೆ ಇಲ್ಲದ ಚಾರ್) ಆಯ್ಕೆ ಹಾಕಿ ಬಿಲ್ಡ್ ಮಾಡುವುದು. ಆಗ ಆ ಲೂಪ್ ಬೋರ್ಡಿಗೆ ಹೋಗುವ ಮೊದಲು ಮೇಜಿನ ಮೇಲೇ ನೇತಾಡುತ್ತದೆ.